ಅತ್ತೆ ಎತ್ತಿದ ಫೋನು

ಆ ಲಾಂಡ್ರಿಯಲ್ಲಿ ಫೋನು ಅತ್ತೆಯ ಸೊತ್ತು. ಒಗೆಯುವ ಮಷೀನುಗಳು ಮಗನವು, ಇಸ್ತ್ರಿ ಮೇಜೂ ಅವನದೇ. ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವ ಮೇಜು ಸೊಸೆಯದು. ಆದರೆ ಮುಂದಿನ ಕೌಂಟರು, ಗಲ್ಲಾಪೆಟ್ಟಿಗೆ, ಅದರ ಪಕ್ಕದ ಕಪ್ಪು ಫೋನು, ಇವನ್ನು ಅತ್ತೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಫೋನು ಎರಡನೇ ಸಲ ಬಡಿದುಕೊಳ್ಳುವುದರೊಳಗೆ ಎತ್ತಿಬಿಡುತ್ತಿದ್ದರು. ಎತ್ತಿದ ಮೇಲೆ ಆ ಕಡೆಯವರ ಮಾತು ಪೂರ್ತಿ ಕೇಳುವ ಅಭ್ಯಾಸ ಮಾತ್ರ ಅವರಿಗಿರಲಿಲ್ಲ. ಲಾಂಡ್ರಿಗೆ ಫೋನು ಮಾಡುವವರು ಕೇಳುವುದು ಇನ್ನೇನು? ಬಟ್ಟೆ ರೆಡಿಯಾಯಿತೇ, ಯಾವಾಗ ಬರಲಿ, ಅಷ್ಟೇ ತಾನೆ. ಹತ್ತಿರದ ಕ್ಲಿನಿಕ್ಕಿನ ಹೊದಿಕೆಗಳೆಲ್ಲ ವಾರದ ಮೊದಲರ್ಧದಲ್ಲಿ ಒಗೆದು ಮುಗಿಯಬೇಕಾದ್ದರಿಂದ ಉಳಿದವರ ಬಟ್ಟೆ ಸಿಗುತ್ತಿದ್ದುದು ಗುರುವಾರ. "ಗುರುವಾರ ನಾಲ್ಕರ ಮೇಲೆ ಬನ್ನಿ" ಎಂದು ಹೇಳಿ ಅತ್ತೆ ಫೋನು ಇಟ್ಟುಬಿಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದಿತ್ತು, ಯಾರಿಗೂ ಏನೂ ನಷ್ಟವಾಗಿರಲಿಲ್ಲ.

ಸೊಸೆ ತನ್ನ ಮಗಳಿಗೆ ರಸಾಯನಶಾಸ್ತ್ರ ಹೇಳಿಕೊಡಲು ಕೂತದ್ದೇ ಮುಂದಿನದಕ್ಕೆಲ್ಲ ಮೂಲ. ಮಗಳನ್ನು ಮನೆಯಲ್ಲಿ ಪಟಾಕಿ ಎನ್ನುತ್ತಿದ್ದರು. ಹದಿನಾರು ತುಂಬಿದರೂ ಅವಳ ಬಾಯಿಗೆ ಬೀಗ ಬಿದ್ದಿರಲಿಲ್ಲ. ಪಟಾಕಿ ಪರೀಕ್ಷೆಗೆಂದು ಅರ್ಧ ಪುಸ್ತಕ ಮುಗಿಸುವಷ್ಟರಲ್ಲಿ ಅವಳ ಅಮ್ಮ ಇಡೀ ಪುಸ್ತಕ ಮುಗಿಸಿ, ಮುಂದಿನ ವರ್ಷದ್ದನ್ನೂ ತರಿಸಿಕೊಂಡು ಓದುತ್ತಿದ್ದಳು. ಹನ್ನೆರಡನೆಯ ತರಗತಿ ಪಾಸಾದ ವರ್ಷವೇ ಮದುವೆಯಾಗಿ ಈ ಲಾಂಡ್ರಿಗೆ ಬಂದವಳು. ಈಗ ನಲವತ್ತರ ಹತ್ತಿರ. ಒಂದು ರಾತ್ರಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಮಗಳಿಗೆ ಅನ್ನ ಬಡಿಸುತ್ತಾ, ನಾಳೆ ಸೋಪಿನ ಪುಡಿ ತರಿಸಬೇಕು ಎನ್ನುವಷ್ಟೇ ಸಲೀಸಾಗಿ ಹೇಳಿದಳು:

"ನಾನು ಡಿಗ್ರಿಗೆ ಅರ್ಜಿ ಹಾಕಿದೀನಿ. ಕೆಮಿಸ್ಟ್ರಿ. ಮೂರು ಯೂನಿವರ್ಸಿಟಿಗೆ."

ಗಂಡನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ಹಾಕೋಕೆ ಮುಂಚೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಹಾಕೋಕೆ ಬಿಡ್ತಿದ್ರಾ?"

"ಇಲ್ಲ."

"ಅದಕ್ಕೇ ಹೇಳ್ಲಿಲ್ಲ."

ಪಟಾಕಿ ಕಿಸಕ್ಕೆಂದು ನಕ್ಕಳು. ಅತ್ತೆ ನಗಲಿಲ್ಲ. "ಕಲೆ ಮೇಜಿಗೆ ಯಾರು ಕೂರ್ತಾರೆ?" ಎಂದು ಕೇಳಿದರು.

"ಮಧ್ಯಾಹ್ನದ ತನಕ ಕ್ಲಾಸು ಅತ್ತೆ. ಬಂದ ಮೇಲೆ ನಾನೇ ಕೂರ್ತೀನಿ."

"ಬೆಳಗ್ಗೆ ಬಂದೋರಿಗೆ ಏನು ಹೇಳ್ಲಿ? ನಮ್ಮ ಸೊಸೆ ಸ್ಕೂಲಿಗೆ ಹೋಗಿದಾಳೆ, ಬಿಟ್ಟ ಮೇಲೆ ಬನ್ನಿ ಅಂತಲಾ?"

"ಹಾಗೇ ಹೇಳು ಅಜ್ಜಿ, ಮಜವಾಗಿರುತ್ತೆ" ಎಂದಳು ಪಟಾಕಿ.

"ನೀನು ಬಾಯಿ ಮುಚ್ಕೊಂಡು ತಿನ್ನು. ಒಂದು ಮನೇಲಿ ಓದೋಳು ಒಬ್ಳು ಸಾಕು. ನೀನು ಓದು, ಇವಳು ಓದಿ ಏನಾಗ್ಬೇಕು ಈಗ?"

ಈ ಕೊನೆಯ ಮಾತು ಸೊಸೆಗೆ ಚುಚ್ಚಿತು. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಮಾತು ಮಾತ್ರ ಅವಳ ಮನಸ್ಸಿನಿಂದ ಹೋಗಲಿಲ್ಲ.

ಉತ್ತರ ಬರುವುದು ತಡವಾಗುತ್ತದೆ ಎಂದು ಯೂನಿವರ್ಸಿಟಿಯವರು ಮೊದಲೇ ತಿಳಿಸಿದ್ದರು. ಸಂದರ್ಶನ ಇದ್ದರೆ ಫೋನು ಮಾಡುತ್ತಾರೆ, ಕೊನೆಯ ತೀರ್ಮಾನ ಮೇಲ್‌ನಲ್ಲಿ ಬರುತ್ತದೆ. ಮೇಲ್ ನೋಡುವ ಕೆಲಸ ಪಟಾಕಿಗೆ ಬಿತ್ತು. ಫೋನ್ ನಂಬರು ಬರೆಯುವಾಗ ಸೊಸೆ ಯೋಚಿಸಿ ಅಂಗಡಿಯದನ್ನೇ ಕೊಟ್ಟಿದ್ದಳು. ಅವಳ ಮೊಬೈಲು ಇದ್ದದ್ದು ಹೆಸರಿಗೆ ಮಾತ್ರ. ದಿನವಿಡೀ ಕೈಗೆ ರಬ್ಬರ್ ಗವಸು, ಮುಂದೆ ಸ್ಪಿರಿಟ್ಟು, ಬ್ರಷ್ಷು. ರಿಂಗಾದರೂ ಎತ್ತುವಂತಿರಲಿಲ್ಲ. ಅಂಗಡಿಯ ಫೋನಾದರೆ ಅತ್ತೆ ತಪ್ಪದೆ ಎತ್ತುತ್ತಾರೆ. "ಯೂನಿವರ್ಸಿಟಿಯಿಂದ ಫೋನ್ ಬಂದ್ರೆ ನನ್ನ ಕರೀರಿ ಅತ್ತೆ" ಎಂದು ಹೇಳಿಯೂ ಇದ್ದಳು. ಅತ್ತೆ ಚಿಲ್ಲರೆ ಎಣಿಸುತ್ತಾ "ಹೂಂ ಹೂಂ" ಎಂದಿದ್ದರು. ಕೆಲಸದ ನಡುವೆ ಅತ್ತೆ ಹೇಳುವ ಹೂಂಗೆ ಎಷ್ಟು ಬೆಲೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕೋ ಸೊಸೆಗೆ ಅವತ್ತು ಅದು ನೆನಪಾಗಲಿಲ್ಲ.

ಕಾಯುವ ದಿನಗಳಲ್ಲಿ ಪಟಾಕಿ ಒಂದು ಉಪಾಯ ಹೂಡಿದಳು. ಅಮ್ಮ ಕಾಲೇಜಿಗೆ ಹೋದರೆ ಮನೆ ಹೇಗೆ ನಡೆಯುತ್ತದೆ ಎಂದು ಒಂದು ವಾರ ನೋಡಿಬಿಡೋಣ ಎಂದಳು. ಬೆಳಗಿನ ಅಡುಗೆ ಅಪ್ಪನದು, ಪಾತ್ರೆ ತನ್ನದು, ಅಮ್ಮ ಮಧ್ಯಾಹ್ನದವರೆಗೆ ಮೇಲಿನ ಕೋಣೆಯಲ್ಲಿ ಓದಬೇಕು, ಕೆಳಗಿಳಿಯಕೂಡದು. ಅಪ್ಪ ಮೊದಲ ದಿನ ಆಲೂಗಡ್ಡೆ ಹುರಿದ. ಎರಡನೇ ದಿನ ಆಲೂಗಡ್ಡೆ ಬೇಯಿಸಿದ. ಮೂರನೇ ದಿನ ಮೊಟ್ಟೆ ಒಡೆದು ಹಾಕಿದ, ಅದರಲ್ಲೂ ಆಲೂಗಡ್ಡೆ ಇತ್ತು.

"ಈ ಮಗರಾಯನಿಗೆ ಬೇರೆ ತರಕಾರಿ ಕಣ್ಣಿಗೆ ಬೀಳಲ್ವಾ?" ಎಂದರು ಅತ್ತೆ.

"ಅಮ್ಮಾ, ಎರಡು ಮಷೀನು ಓಡ್ತಾ ಇರುತ್ತೆ, ಇಲ್ಲಿ ಬಾಣಲೆ, ಅಲ್ಲಿ ಇಸ್ತ್ರಿ. ನನಗಿರೋದು ಎರಡೇ ಕೈ."

ಮೆಟ್ಟಿಲ ಮೇಲಿಂದ ಸೊಸೆಯ ದನಿ ಕೇಳಿತು: "ಇಷ್ಟು ವರ್ಷ ನನಗೂ ಎರಡೇ ಇದ್ವು ರೀ."

ನಾಲ್ಕನೇ ದಿನ ಅವನು ಹೂಕೋಸು ತಂದ. ಸ್ವಲ್ಪ ಸೀದಿತ್ತು, ಆದರೂ ಎಲ್ಲರೂ ತಿಂದರು.

ಆ ವಾರ ಮುಗಿಯುವಾಗ ಮೊದಲ ಯೂನಿವರ್ಸಿಟಿಯ ಉತ್ತರ ಬಂತು. ಅಂಕಪಟ್ಟಿ ತೀರಾ ಹಳೆಯದು, ಪರಿಗಣಿಸಲಾಗುವುದಿಲ್ಲ. ಪಟಾಕಿ ಓದಿ ಹೇಳಿದಳು. ಸೊಸೆ "ಆಯ್ತು ಬಿಡು, ಇನ್ನೂ ಎರಡಿದೆ" ಎಂದು ಒಂದು ಅಂಗಿಯ ಮೇಲಿನ ಶಾಯಿ ಕಲೆಯನ್ನು ಉಜ್ಜತೊಡಗಿದಳು. ಉಜ್ಜಿದ ಭರಕ್ಕೆ ಬಟ್ಟೆಯ ಬಣ್ಣವೇ ಬಿಟ್ಟುಹೋಯಿತು. ಅಂಗಿಯ ಯಜಮಾನನಿಗೆ ಗಂಡ ಹಲ್ಲು ಗಿಂಜಿ ಸಮಾಧಾನ ಹೇಳಬೇಕಾಯಿತು. ಅವತ್ತು ಅವನು ಹೆಂಡತಿಗೆ ಟೀ ಮಾಡಿ ತಂದುಕೊಟ್ಟ.

ಆಮೇಲೆ ಸುದ್ದಿಯೇ ಇಲ್ಲ. ಫೋನು ರಿಂಗಾದಾಗಲೆಲ್ಲ ಸೊಸೆಯ ಕೈ ನಿಲ್ಲುತ್ತಿತ್ತು. "ಗುರುವಾರ ನಾಲ್ಕರ ಮೇಲೆ ಬನ್ನಿ" ಎಂಬ ಅತ್ತೆಯ ದನಿ ಕೇಳಿ ಮತ್ತೆ ಓಡುತ್ತಿತ್ತು.

ಒಂದು ಬುಧವಾರ ಸಂಜೆ ಔಷಧಿ ಅಂಗಡಿಯ ಅಕ್ಕ ತನ್ನ ಬಿಳಿ ಕೋಟು ಕೊಡಲು ಬಂದಳು. ಸೊಸೆ ಕಲೆ ನೋಡಲೆಂದು ಹೊರಗೆ ಬಂದಿದ್ದಳು.

"ನಮ್ಮ ಅಕ್ಕನ ಮಗ ಮೊನ್ನೆ ಸೋಮವಾರ ಕೆಮಿಸ್ಟ್ರಿ ಸಂದರ್ಶನಕ್ಕೆ ಹೋಗಿದ್ದ ಕಣಮ್ಮ. ನೀನೂ ಅಲ್ಲಿಗೇ ಹಾಕಿದ್ದೆ ಅಲ್ವಾ, ನಿನ್ನದು ಹೇಗಾಯ್ತು?"

"ಸಂದರ್ಶನ ಶುರುವಾಯ್ತಾ? ನನಗೆ ಫೋನೇ ಬಂದಿಲ್ಲ."

"ಹಿಂದಿನ ವಾರವೇ ಎಲ್ಲರಿಗೂ ಮಾಡಿದ್ರಂತಲ್ಲ" ಎಂದಳು ಆಕೆ. ಸೊಸೆಯ ಮುಖ ನೋಡಿ, ಬೇಡದ್ದು ಹೇಳಿದೆನೇನೋ ಎನ್ನಿಸಿ, ಬೇಗ ಬೇಗ ಹೊರಟುಹೋದಳು.

ಸೊಸೆ ಗವಸು ಕಳಚಿದಳು. "ಅತ್ತೆ, ಹೋದ ವಾರ ಯಾರಾದ್ರೂ ನನ್ನ ಕೇಳಿ ಫೋನ್ ಮಾಡಿದ್ರಾ?"

"ನಿನ್ನ ಕೇಳಿ ಯಾರು ಮಾಡ್ತಾರೆ? ಇಲ್ಲಪ್ಪ."

"ಯೂನಿವರ್ಸಿಟಿಯಿಂದ?"

"ಇಲ್ಲ ಅಂದ್ನಲ್ಲ. ಎಲ್ಲ ಬಟ್ಟೆಯೋರೇ." ಅತ್ತೆ ಸ್ವಲ್ಪ ಯೋಚಿಸಿದರು. "ರಸಾಯನ ವಿಭಾಗದಿಂದ ಅಂತ ಒಬ್ಳು ಮಾಡಿದ್ಳು. ಯಾವುದೋ ಸ್ಕೂಲಿನೋರ ಕೋಟು ಇರ್ಬೇಕು, ಲ್ಯಾಬಿಂದು. ಸೋಮವಾರ ಹತ್ತು ಗಂಟೆ ಅಂತಿದ್ಳು. ಸೋಮವಾರ ಹೇಗಾಗುತ್ತೆ? ಸೋಮವಾರ ಸಾಧ್ಯವೇ ಇಲ್ಲಮ್ಮ, ಗುರುವಾರ ನಾಲ್ಕರ ಮೇಲೆ ಅಂದೆ. ಅವಳು ಮತ್ತೆ ಏನೋ ಶುರು ಮಾಡಿದ್ಳು. ಗುರುವಾರ ಅಂದ್ರೆ ಗುರುವಾರ ಅಂತ ಇಟ್ಟೆ."

ಇಸ್ತ್ರಿ ಮೇಜಿನಿಂದ ಗಂಡ ತಲೆಯೆತ್ತಿದ. ಸ್ಕೂಲಿನಿಂದ ಬಂದ ಪಟಾಕಿ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು.

"ಅದು ಕೋಟಲ್ಲ ಅತ್ತೆ" ಎಂದಳು ಸೊಸೆ. "ಅದು ನಾನು."

"ಏನು ನೀನು?"

"ಅವರು ಕರೆದಿದ್ದು ನನ್ನ! ಸೋಮವಾರ ಹತ್ತು ಗಂಟೆಗೆ ನಾನು ಅಲ್ಲಿರ್ಬೇಕಿತ್ತು! ಸಾಧ್ಯವೇ ಇಲ್ಲ ಅಂದ್ರಾ? ನನ್ನ ಬದಲು ನೀವು ಹೇಳಿಬಿಟ್ರಾ?"

ಅತ್ತೆಯ ಮುಖ ಬಿಳಿಚಿತು. "ನನಗೇನು ಗೊತ್ತು? ಅವಳು ಯೂನಿವರ್ಸಿಟಿ ಅನ್ಲೇ ಇಲ್ಲ."

"ಅನ್ನೋಕೆ ಬಿಟ್ರಾ ನೀವು? ಓದೋಳು ಒಬ್ಳು ಸಾಕು ಅಂದಿದ್ರಲ್ಲ, ಆಯ್ತಲ್ಲ ಈಗ? ಬೇಕಂತಲೇ ಮಾಡಿದ್ದೀರಿ ನೀವು."

"ಏಯ್" ಎಂದ ಗಂಡ. "ಅಮ್ಮ ಅಂಥೋಳಲ್ಲ."

"ನೀವು ಸುಮ್ನಿರಿ. ನಿಮಗೂ ಒಳಗೊಳಗೇ ಖುಷಿಯಾಗಿರುತ್ತೆ."

"ಬಾಯಿಗೆ ಬಂದಂಗೆ ಮಾತಾಡ್ಬೇಡ. ಒಂದು ವಾರ ಆಲೂಗಡ್ಡೆ ಹುರಿದಿದ್ದು ಖುಷಿಗಾ?"

ಬೇರೆ ದಿನವಾಗಿದ್ದರೆ ಪಟಾಕಿ ಈ ಮಾತಿಗೆ ನಕ್ಕುಬಿಡುತ್ತಿದ್ದಳು. ಅವತ್ತು ಅವಳೇ ಮುಂದೆ ಬಂದು ಯೂನಿವರ್ಸಿಟಿಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಕಚೇರಿ ಮುಚ್ಚಿತ್ತು.

ಆ ರಾತ್ರಿಯ ಊಟ ಊಟವಾಗಿರಲಿಲ್ಲ. ಸೊಸೆ ಅಡುಗೆ ಮಾಡಿಟ್ಟು ಮೇಲೆ ಹೋದಳು. ಗಂಡ ತಟ್ಟೆ ಹಾಕಿಕೊಂಡು ಎರಡು ತುತ್ತು ತಿಂದು ಎದ್ದ. ಅತ್ತೆ ಕೌಂಟರಿನ ಹಿಂದಿನ ಕುರ್ಚಿ ಬಿಟ್ಟು ಏಳಲೇ ಇಲ್ಲ. ಪಟಾಕಿ ತಟ್ಟೆ ಅಲ್ಲಿಗೇ ತೆಗೆದುಕೊಂಡು ಹೋದಳು.

"ಅಜ್ಜಿ, ನಿಜ ಹೇಳು. ಗೊತ್ತಿದ್ದೂ ಹೇಳಿದ್ಯಾ?"

"ನೀನೂ ಕೇಳ್ತೀಯಾ?" ಅತ್ತೆಯ ಕಣ್ಣಲ್ಲಿ ನೀರು ಬಂತು. "ಅವಳು ಹೋಗ್ಬಾರ್ದು ಅಂತ ನನಗಿತ್ತು ಕಣೆ. ಇದ್ದಿದ್ದನ್ನ ಎದುರಿಗೇ ಹೇಳಿದೀನಿ. ಹಿಂದಿನಿಂದ ಕಾಲೆಳೆಯೋಳಲ್ಲ ನಾನು."

"ಹಾಗಾದ್ರೆ ಅಮ್ಮನಿಗೆ ಹೋಗಿ ಹೇಳು."

"ನಾನು ಹೇಳಿದ್ರೆ ಯಾರು ನಂಬ್ತಾರೆ ಈಗ?"

ಮರುದಿನ ಬೆಳಗ್ಗೆ ಕಚೇರಿ ತೆಗೆಯುವ ಹೊತ್ತಿಗೆ ಸರಿಯಾಗಿ ಸೊಸೆಯೇ ಕಪ್ಪು ಫೋನಿನ ಮುಂದೆ ನಿಂತಿದ್ದಳು. ಅತ್ತೆ ಎದ್ದು ಜಾಗ ಬಿಟ್ಟಿದ್ದರು. ಗಂಡ ಮಷೀನು ಶುರುಮಾಡದೆ ಪಕ್ಕದಲ್ಲಿ ನಿಂತಿದ್ದ. ಸೊಸೆ ಹೆಸರು ಹೇಳಿ, ಹೋದ ವಾರ ಫೋನು ಬಂದಿತ್ತಂತೆ, ಮನೆಯವರಿಗೆ ಗೊತ್ತಾಗಲಿಲ್ಲ, ದಯವಿಟ್ಟು ಇನ್ನೊಂದು ಅವಕಾಶ ಎಂದು ತಡವರಿಸಿದಳು. ಆ ಕಡೆಯ ಹೆಂಗಸು ಯಾವುದೋ ಹಾಳೆ ತಿರುವುವ ಸದ್ದು ಕೇಳಿತು.

"ಇನ್ನೊಂದು ಅವಕಾಶ ಯಾಕಮ್ಮ? ನಿಮ್ಮದು ಇವತ್ತೇ ಅಲ್ವಾ? ಗುರುವಾರ, ನಾಲ್ಕು ಗಂಟೆಗೆ."

"ಇವತ್ತಾ?"

"ನಿಮ್ಮ ಮನೆಯೋರೇ ಹೇಳಿದ್ರಲ್ಲ. ಸೋಮವಾರ ಸಾಧ್ಯವೇ ಇಲ್ಲ, ಗುರುವಾರ ನಾಲ್ಕರ ಮೇಲೆ ಅಂತ. ಇಲ್ಲ ಅನ್ನೋಕೆ ನನಗೆ ಧೈರ್ಯವೇ ಬರ್ಲಿಲ್ಲ. ಮೇಷ್ಟ್ರ ಹತ್ರ ಮಾತಾಡಿ ನಿಮ್ಮೊಬ್ಬರದ್ದು ಬದಲಾಯಿಸಿದೆ. ಪುನಃ ಹೇಳೋಣ ಅಂತ ಮಾಡಿದ್ರೆ ಅವರೇ ಎತ್ತಿ, ಗುರುವಾರ ಅಂತ ಒಂದು ಸಲ ಹೇಳಿದ ಮೇಲೆ ಮುಗೀತು ಅಂದ್ರು."

ಸೊಸೆ ಫೋನು ಇಟ್ಟು ನೆಲದ ಮೇಲೇ ಕೂತುಬಿಟ್ಟಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗಂಡನಿಗೆ ತಿಳಿಯಲಿಲ್ಲ. ವಿಷಯ ಗೊತ್ತಾದ ಮೇಲೆ ಅವನೇ ಓಡಿಹೋಗಿ ಅವಳ ಒಳ್ಳೆಯ ಬಟ್ಟೆಗೆ ಇಸ್ತ್ರಿ ಹಾಕಿದ. ಅಷ್ಟು ಜತನದಿಂದ ಅವನು ಗಿರಾಕಿಗಳ ಬಟ್ಟೆಗೂ ಹಾಕಿದ್ದಿಲ್ಲ. ಸೊಸೆ ಅತ್ತೆಯ ಕಡೆ ತಿರುಗಲಿಲ್ಲ. ನೆಟ್ಟಗಾದದ್ದು ಅದೃಷ್ಟದಿಂದ, ಅತ್ತೆಯಿಂದಲ್ಲ ಎಂಬ ಸಿಟ್ಟು ಅವಳಲ್ಲಿ ಇನ್ನೂ ಹೊಗೆಯಾಡುತ್ತಿತ್ತು.

ಸಂಜೆ ವಾಪಸು ಬಂದಾಗ ಅವಳ ಮುಖ ಇಳಿದಿತ್ತು. "ಮೂರು ಜನ ಕೂತಿದ್ರು. ಗೊತ್ತಿಲ್ಲ, ಗೊತ್ತಿಲ್ಲ ಅಂತ ಎಷ್ಟು ಸಲ ಅಂದ್ನೋ. ಒಂದೆರಡಕ್ಕೆ ಸರಿ ಹೇಳಿದೆ ಅನ್ಸುತ್ತೆ. ಇಷ್ಟು ವರ್ಷ ಆದ ಮೇಲೆ ಯಾಕೆ ಅಂತ ಕೇಳಿದ್ರು. ಓದ್ಬೇಕು ಅನ್ಸಿದೆ ಸಾರ್ ಅಂದೆ, ಬೇರೇನೂ ಬಾಯಿಗೆ ಬರ್ಲಿಲ್ಲ."

"ಅಷ್ಟೇ ಸಾಕಲ್ವಾ?" ಎಂದ ಗಂಡ.

"ಸಾಕೋ ಇಲ್ವೋ ಅವರು ಹೇಳ್ಬೇಕು."

ಇಲ್ಲಿಂದ ಮುಂದೆ ಮನೆಯಲ್ಲಿ ಒಂದು ವಿಚಿತ್ರ ನಡೆಯಿತು. ಸೊಸೆಗಿಂತ ಹೆಚ್ಚು ಅತ್ತೆ ಕಾಯತೊಡಗಿದರು. ಬೆಳಗ್ಗೆ ಎದ್ದು ಬಾಯಿ ತೊಳೆಯುವುದಕ್ಕೂ ಮುಂಚೆ ಪಟಾಕಿಯ ಕೋಣೆಯ ಬಾಗಿಲು ತಟ್ಟುತ್ತಿದ್ದರು.

"ಬಂತಾ?"

"ಅಜ್ಜಿ, ಇನ್ನೂ ಬೆಳಕೇ ಆಗಿಲ್ಲ. ಯೂನಿವರ್ಸಿಟಿಯೋರು ಮಲಗಿರ್ತಾರೆ."

"ರಾತ್ರಿ ಕಳಿಸಿದ್ರೆ? ನೋಡು ಒಂದು ಸಲ, ನಿನ್ನ ಗಂಟೇನು ಹೋಗುತ್ತೆ?"

ಸ್ಕೂಲಿನಿಂದ ಬಂದ ಕೂಡಲೇ ಮತ್ತೆ ಅದೇ ಪ್ರಶ್ನೆ. ಔಷಧಿ ಅಂಗಡಿಯ ಅಕ್ಕ ಬಂದರೆ ಅವಳ ಅಕ್ಕನ ಮಗನಿಗೆ ಏನಾಯಿತು ಎಂಬ ವಿಚಾರಣೆ. ಫೋನು ಬಂದರೆ ಅತ್ತೆ ಈಗ ಉಸಿರು ಬಿಗಿಹಿಡಿದು ಆ ಕಡೆಯವರು ಹೇಳುವುದನ್ನೆಲ್ಲ ಕೇಳುತ್ತಿದ್ದರು. ಹೀಗೆ ಕೇಳಿಸಿಕೊಳ್ಳುವವರು ಸಿಕ್ಕಿದರೆಂದು ಕೆಲವು ಗಿರಾಕಿಗಳು ಬಟ್ಟೆಯ ಮಾತು ಮುಗಿಸಿ ಮಂಡಿನೋವಿನ ಮಾತನ್ನೂ ತೆಗೆದರು. ಅತ್ತೆ ಅದನ್ನೂ ಕೇಳಿದರು.

"ಅಮ್ಮನಿಗೆ ಏನಾಗಿದೆ?" ಎಂದು ಗಂಡ ಹೆಂಡತಿಯನ್ನು ಕೇಳಿದ. "ಊಟ ಸರಿಯಾಗಿ ಮಾಡ್ತಿಲ್ಲ."

"ನನಗೇನು ಗೊತ್ತು? ನನ್ನ ಹತ್ರ ಮಾತಾಡಿದ್ರೆ ತಾನೆ?"

"ನೀನು ಮಾತಾಡಿದ್ಯಾ?"

ಅತ್ತೆ ಸೊಸೆಯರ ನಡುವೆ ಈಗ ಓಡಾಡುತ್ತಿದ್ದುದು ಉಪ್ಪು ಕೊಡು, ಬಕೆಟ್ಟು ತೆಗಿ ಎಂಬಷ್ಟೇ ಮಾತು, ಅದೂ ಪಟಾಕಿಯ ಮೂಲಕ. "ನಾನೇನು ಪೋಸ್ಟಾಫೀಸಾ?" ಎಂದು ಅವಳು ಒಂದು ದಿನ ಇಬ್ಬರಿಗೂ ಕೂಗಾಡಿದಳು. ಇಬ್ಬರೂ ಕೇಳಿಸಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಅಷ್ಟರಲ್ಲಿ ಎರಡನೇ ಯೂನಿವರ್ಸಿಟಿಯಿಂದಲೂ ಇಲ್ಲ ಎಂದು ಬಂತು. ಸೀಟು ಭರ್ತಿಯಾಗಿದೆ, ಆಸಕ್ತಿಗೆ ಧನ್ಯವಾದ. ಇನ್ನು ಉಳಿದದ್ದು ಗುರುವಾರದ್ದೊಂದೇ. ಸೊಸೆ ಈ ಸಲ "ಇನ್ನೂ ಒಂದಿದೆ" ಎನ್ನಲಿಲ್ಲ. ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ ಬೀರುವಿನ ಮೇಲಿಟ್ಟಳು. ಮರುದಿನ ನೋಡಿದರೆ ಅವು ಮತ್ತೆ ಅವಳ ಹಾಸಿಗೆಯ ಪಕ್ಕದಲ್ಲಿದ್ದವು. ತಾನು ಇಳಿಸಲಿಲ್ಲ ಎಂದ ಗಂಡ. ತನ್ನ ಕೈಗೆ ಎಟುಕುವುದಿಲ್ಲ ಎಂದಳು ಪಟಾಕಿ. ಅತ್ತೆ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದರು, ಅವರನ್ನು ಯಾರೂ ಕೇಳಲಿಲ್ಲ.

ಮೇಲ್ ಬಂದದ್ದು ಒಂದು ಮಧ್ಯಾಹ್ನ. ಪಟಾಕಿಗೆ ರಜೆ ಇತ್ತು, ಎಲ್ಲರೂ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದರು. ಅವಳು ಎಡಗೈಯಲ್ಲಿ ಮೊಬೈಲು ನೋಡುತ್ತಾ ತಿನ್ನುತ್ತಿದ್ದವಳು ಅಗಿಯುವುದನ್ನು ನಿಲ್ಲಿಸಿದಳು.

"ಬಂತಾ?" ಎಂದರು ಅತ್ತೆ.

"ಬಂತು."

ಪಟಾಕಿ ಮೊದಲು ತನ್ನಷ್ಟಕ್ಕೆ ಓದಿದಳು, ಇನ್ನೊಂದು ಸಲ ಓದಿದಳು. ಆಮೇಲೆ ಕಿರುಚಿದಳು. ಆ ಕಿರುಚಾಟಕ್ಕೆ ಅವಳ ಹೆಸರು ಸಾರ್ಥಕವಾಯಿತು. "ಅಮ್ಮಾ, ಸಿಕ್ತು! ಸೀಟು ಸಿಕ್ತು! ಕೆಮಿಸ್ಟ್ರಿ!"

ಸೊಸೆ ಮೊಬೈಲು ಕಸಿದುಕೊಂಡು ತಾನೇ ಓದಿದಳು. ಗಂಡ ಎಂಜಲು ಕೈಯಲ್ಲೇ ಅವಳ ಭುಜ ಹಿಡಿದು, ಅವಳ ಬಟ್ಟೆಗೆ ಎಣ್ಣೆ ಕಲೆ ಮಾಡಿ, "ಅಯ್ಯೋ" ಎಂದು ಕೈ ತೆಗೆದ. "ಬೆಳಗ್ಗೆ ಬಂದ ಕಲೆ ಬಟ್ಟೆ ಮಧ್ಯಾಹ್ನದ ತನಕ ಕಾಯ್ಲಿ ಬಿಡು" ಎಂದ. "ಅವೇನು ಓಡಿ ಹೋಗ್ತಾವಾ?" ಇಷ್ಟು ದಿನ ಅವನು ಹೇಳದೆ ಉಳಿಸಿಕೊಂಡಿದ್ದ ಒಪ್ಪಿಗೆ ಅದು. ಸೊಸೆಗೆ ಈಗ ನಿಜವಾಗಿಯೂ ಅಳು ಬಂತು. ತಿಂಗಳುಗಳಿಂದ ಹೊತ್ತುಕೊಂಡಿದ್ದ ಭಾರ ಇಳಿದು ಅವಳಿಗೆ ಹಸಿವಾಗತೊಡಗಿತು.

ಅತ್ತೆ ಮಾತ್ರ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದರು. ಸೊಸೆ ಹೋಗಿ ಅವರ ಎದುರು ಕೂತಳು. ಎಷ್ಟೋ ದಿನಗಳ ನಂತರ ಇಬ್ಬರೂ ನೇರವಾಗಿ ಮುಖ ನೋಡಿಕೊಂಡರು.

"ಒಂದು ಮಾತು ಕೇಳ್ತೀನಿ, ಬಾಯಿ ಮಾತಿಗೆ ಹೇಳ್ಬಾರ್ದು" ಎಂದರು ಅತ್ತೆ. "ಅವತ್ತು ಫೋನಲ್ಲಿ ನಾನು ಬೇಕಂತ ಹಾಗಂದಿಲ್ಲ. ನಂಬ್ತೀಯಾ?"

"ನಂಬ್ತೀನಿ ಅತ್ತೆ. ಅವತ್ತು ನಾನು ಹಾಗೆ ಮಾತಾಡಬಾರ್ದಿತ್ತು."

"ಅದು ಬಿಡು. ಇವತ್ತು ಸೀಟು ಸಿಗದೇ ಹೋಗಿದ್ರೆ? ಆಗ್ಲೂ ನಂಬ್ತಿದ್ಯಾ?"

ಸೊಸೆ ಸಲೀಸಾಗಿ ಹೂಂ ಎಂದುಬಿಡಬಹುದಿತ್ತು. ಪಟಾಕಿ ಹಿಂದಿನಿಂದ ಕಣ್ಸನ್ನೆ ಮಾಡುತ್ತಲೂ ಇದ್ದಳು. ಆದರೆ ಅತ್ತೆಯ ಕಣ್ಣು ಅವಳನ್ನು ಬಿಡಲಿಲ್ಲ.

"ನಂಬ್ತಿರ್ಲಿಲ್ಲ ಅತ್ತೆ" ಎಂದಳು. "ಸಾಯೋ ತನಕ ನಂಬ್ತಿರ್ಲಿಲ್ಲ."

ಗಂಡ ತಲೆ ತಗ್ಗಿಸಿದ. ಅತ್ತೆ ಮಾತ್ರ ಕೋಪಿಸಿಕೊಳ್ಳಲಿಲ್ಲ. ದೊಡ್ಡದಾಗಿ ಉಸಿರು ಬಿಟ್ಟರು.

"ಗೊತ್ತಿತ್ತು ನನಗೆ. ನಾನಾಗಿದ್ರೂ ನಂಬ್ತಿರ್ಲಿಲ್ಲ. ಅದಕ್ಕೇ ಕಣೆ ಇಷ್ಟು ದಿನ ಅನ್ನ ಗಂಟಲಲ್ಲಿ ಇಳೀಲಿಲ್ಲ. ನೀನು ಹೋಗೋದು ನನಗೆ ಇವತ್ತಿಗೂ ಇಷ್ಟ ಇಲ್ಲ. ಆದ್ರೆ ಸಿಕ್ತಲ್ಲ, ನಾನು ಬದುಕಿದೆ."

ಸೊಸೆಗೆ ನಗು ತಡೆಯಲಾಗಲಿಲ್ಲ. ಅತ್ತೆಯೂ ನಕ್ಕರು. ಪಟಾಕಿ ಇಬ್ಬರನ್ನೂ ಹುಚ್ಚರನ್ನು ನೋಡಿದಂತೆ ನೋಡಿದಳು.

"ಇನ್ನೊಂದು ಚೂರು ಅನ್ನ ಹಾಕು" ಎಂದು ಅತ್ತೆ ತಟ್ಟೆ ಚಾಚಿದರು. ಸೊಸೆ ಬಡಿಸಿ ಕೈ ಹಿಂದಕ್ಕೆ ತೆಗೆಯುವ ಮುಂಚೆಯೇ, "ಇನ್ನೂ ಹಾಕೇ" ಎಂದರು.